ಆರನೇ ಪುಟದ ಕೆಳಗೆ

ಹತ್ತೂ ನಲವತ್ತಕ್ಕೆ ಬಂತು ಸುದ್ದಿ,
ಬೆಟಗೇರಿಯಲ್ಲಿ ಸಭೆ ಮುಗಿದು
ಪೆಂಡಾಲಿನ ಗೂಟ ಕೀಳುವ ಹೊತ್ತಿಗೆ.
ಸಾಹೇಬರು ಮೈಕಿನ ಮುಂದೆ ಪಟ್ಟಿ ಹಿಡಿದು ಓದಿದ್ದರು:
ನೂರಾ ಹದಿನಾಲ್ಕನೇ ಮತಗಟ್ಟೆಯಲ್ಲಿ
ಸತ್ತವರು ಎದ್ದು ಬಂದು ಮತ ಹಾಕಿ ಹೋಗಿದ್ದಾರೆ,
ಒಬ್ಬರಲ್ಲ, ಇಬ್ಬರಲ್ಲ, ನಾನೂರಾ ಹನ್ನೆರಡು.

ನಾನು ಕರಡು ತಿದ್ದುವವ.
ಗದುಗಿನ ಈ ಓಣಿಯಲ್ಲಿ ಮೂವತ್ತೊಂದು ವರ್ಷ
ಒತ್ತು, ದೀರ್ಘ, ಸೊನ್ನೆಗಳ ಹಿಂದೆ ಬಿದ್ದವನು.
ಆ ರಾತ್ರಿಯೂ ತಿದ್ದಿದೆ.
‘ಅದ್ಯಕ್ಷ’ರ ದಕಾರದ ಹೊಟ್ಟೆ ಸೀಳಿದೆ.
ನಾನೂರಾ ಹನ್ನೆರಡನ್ನು ಅಂಕಿಯಲ್ಲಿ ಹಾಕಿಸಿದೆ,
ಕಣ್ಣಿಗೆ ಬೇಗ ಬೀಳಲಿ ಎಂದು.
ಕಾಗುಣಿತದ ಒಂದೂ ತಪ್ಪಿಲ್ಲದ ಸುಳ್ಳು
ಎಂಟು ಕಾಲಮ್ಮಿನ ಉದ್ದಕ್ಕೂ ಕಾಲು ಚಾಚಿ ಮಲಗಿತು.

ಕೇಳಲಿಲ್ಲವೆಂದಲ್ಲ. ಕೇಳಿದೆ.
“ಆ ಬೂತಿನ ಅಕ್ಕೋರಿಗೆ ಒಂದು ಫೋನ್ ಹಚ್ಚೂಣೇನ್ರಿ?”
ಸಂಪಾದಕ ಕಡಪಟ್ಟಿಯವರು ಗಡಿಯಾರ ನೋಡಿದರು.
“ನಾವೇನ್ ಹೇಳಾಕತ್ತಿಲ್ಲೋ ಮಾರಾಯ, ಅವರು ಹೇಳ್ಯಾರ.
ಎರಡೂ ಬಾಜೂಕ ಕೊಕ್ಕಿ ಹಾಕು, ಮುಗೀತು.”
ಹಾಕಿದೆ.
ಆಚೆಗೆರಡು, ಈಚೆಗೆರಡು ಸಣ್ಣ ಕೊಕ್ಕೆ.
ಅವಕ್ಕೆ ಇಡೀ ಕಚೇರಿ ತನ್ನ ಅಂಗಿ ಬಿಚ್ಚಿ ತೂಗುಹಾಕಿ
ನಿಶ್ಚಿಂತೆಯಿಂದ ಮನೆಗೆ ಹೋಯಿತು.

ಅವರು ಹೇಳಿದ್ದು ನಿಜ.
ನೋಡಿ, ನಮ್ಮ ಭಾಷೆಯಲ್ಲಿ
ಈ ಮೂರು ಪದಕ್ಕೆ ಎರಡು ಬಾಗಿಲು.
ನಾವು ಒಂದರಿಂದ ಹೊರಗೆ ಕಳಿಸಿದೆವು,
ಊರು ಇನ್ನೊಂದರಿಂದ ಒಳಗೆ ಕರೆದುಕೊಂಡಿತು.

ರತ್ನಮಾಲಾ ಹಿರೇಹಾಳ, ಮೂರನೇ ಇಯತ್ತೆಯ ಅಕ್ಕೋರು,
ಪಟ್ಟಿ ಹಿಡಿದು ಮನೆ ಮನೆ ತಿರುಗಿದವರು,
ಸತ್ತವರ ಹೆಸರಿಗೆ ಗೆರೆ ಎಳೆಯುವ ಮುಂಚೆ
ಆ ಮನೆಯ ಕಟ್ಟೆಯ ಮೇಲೆ ಎರಡು ನಿಮಿಷ ಕೂತು ಎದ್ದವರು.
ಮರುದಿನ ಅವರಿಗೆ ಹಾಲಿನವ ಮುಖ ಕೊಡಲಿಲ್ಲ.
ಶಾಲೆಯ ಗೇಟಿನ ಮೇಲೆ ಸುಣ್ಣದ ಕಡ್ಡಿಯಲ್ಲಿ
ಯಾರೋ ಬರೆದಿದ್ದರು: ‘ಹೆಣದ ಅಕ್ಕೋರು’.
ಅದರಲ್ಲೂ ಕಾಗುಣಿತ ಸರಿಯಾಗಿತ್ತು.
ಅವರೇ ಕಲಿಸಿದ್ದಿರಬೇಕು.

ಹನ್ನೊಂದನೆಯ ದಿನ,
ನಮ್ಮ ಪತ್ರಿಕೆಯ ಲೆಕ್ಕದಲ್ಲಿ ಅವನ ದಿವಸ ಮಾಡುವ ದಿನ,
ಮೆಟ್ಟಿಲು ಹತ್ತಿ ಬಂದ ನಾಗೂಸಾ ಮೇರವಾಡೆ,
ಪಟ್ಟಿಯ ಹದಿನೇಳನೆಯ ಹೆಣ.
ಮೀಸೆಯ ಮೇಲೆ ಮಗ್ಗದ ಅರಳೆ.
ಏದುಸಿರು ನಿಲ್ಲುವ ತನಕ ಕೂತ.
ಆಮೇಲೆ ಬೆರಳು ಎತ್ತಿದ:
ಶಾಯಿಯ ಗೆರೆ, ಅದರ ಹಿಂದೆ
ಅಕ್ಕಿಕಾಳಿನಷ್ಟು ಹೊಸ ಉಗುರು.
“ಬೆಳ್ಯಾಕತ್ತೈತ್ರಿ. ಇದನ್ನೂ ಬರೀರಿ.”
ಚಹಾ ತರಿಸಿದೆವು. ಬಶಿಗೆ ಸುರಿದು
ಊದಿ ಊದಿ ಕುಡಿದ.

ಬರೆದೆವು. ಆರನೇ ಪುಟದ ಕೆಳಗೆ, ನಾಲ್ಕೇ ಸಾಲು,
ಬೋರವೆಲ್ಲಿನ ಜಾಹೀರಾತಿಗೂ
ಶ್ರದ್ಧಾಂಜಲಿಯ ಫೋಟೊಗಳಿಗೂ ನಡುವೆ.
ಬದುಕಿದ್ದಾನೆಂಬ ಸುದ್ದಿಯನ್ನು
ಸತ್ತವರ ಸಾಲಿನಲ್ಲೇ ಕೂರಿಸಿದೆವು.
ಮಧ್ಯಾಹ್ನದೊಳಗೆ ಅದರಲ್ಲಿ ಮಿರ್ಚಿ ಕಟ್ಟಿ ಕೊಟ್ಟರು.
ಮೊದಲ ಪುಟ ಮಾತ್ರ
ಹಜಾಮತಿ ಅಂಗಡಿಯ ಗೋಡೆಗೆ ಇನ್ನೂ ಅಂಟಿಕೊಂಡಿದೆ,
ಕನ್ನಡಿಯಲ್ಲಿ ತಿರುವುಮುರುವಾಗಿ.

ನಿನ್ನೆ ರಾತ್ರಿ ಮತ್ತೆ ಸಭೆ, ಮತ್ತೆ ಪಟ್ಟಿ.
ಕೊಕ್ಕೆ ಹಾಕಲಿಲ್ಲ ನಾನು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ:
‘ನೋಡಿದವರು ಯಾರು?’
ಕಡಪಟ್ಟಿಯವರು ಬೈದರು. ಆಮೇಲೆ ಸುಮ್ಮನಾದರು.
ಆಮೇಲೆ ಅವರೇ ಫೋನು ತೆಗೆದುಕೊಂಡರು.
ಒಂದು, ಎರಡು, ಆರು ಕರೆ.
ಯಂತ್ರದ ಲಾಲಸಾಬ ಸ್ಟೂಲಿನ ಮೇಲೆ ತೂಕಡಿಸಿದ.
ತಲೆಬರಹ ಎರಡು ಸಲ ಬದಲಾಯಿತು. ಕೊನೆಗೆ ನಿಂತದ್ದು:
‘ಆರೋಪ ಸುಳ್ಳು; ದಾಖಲೆ ಇಲ್ಲಿದೆ’.

ನಾಲ್ಕರ ರೋಣದ ಬಸ್ಸು ತಪ್ಪಿತು.
ಇಡೀ ತಾಲ್ಲೂಕು ಒಂದು ಹಗಲು
ನಮ್ಮ ಪತ್ರಿಕೆ ಇಲ್ಲದೆ ಕಳೆಯಿತು.
ವಿಚಾರಿಸಿದೆ.
ಯಾರೂ ಸತ್ತಿಲ್ಲವಂತೆ.